ಇಂದಿನ ಧಮ್ಮ ಚಿಂತನೆ: ಫೋಟೋಗೆ ಅಡ್ಡ ಬಂದವರು

 

ಒಳ್ಳೆಯ ಮೊಬೈಲ್ ಕೈಗೆ ಬಂದಾಗಿನಿಂದ ನನಗೊಂದು ಹುಚ್ಚು, ಸೂರ್ಯ ಮುಳುಗುವ ಫೋಟೋ ತೆಗೆಯುವುದು. ಮದ್ದೂರು, ಮಳವಳ್ಳಿ ಕಡೆಯ ಕೆರೆಗಳನ್ನೆಲ್ಲ ಮುಗಿಸಿ, ಹೋದ ತಿಂಗಳು ಪಾಂಡವಪುರ ದಾಟಿ ತೊಣ್ಣೂರು ಕೆರೆಗೆ ಹೋದೆ. ಗುಡ್ಡಗಳ ನಡುವೆ ಕಟ್ಟೆ ಹಾಕಿ ನಿಲ್ಲಿಸಿದ ನೀರು ಅದು. ಮೋತಿ ತಲಾಬ್, ಅಂದರೆ ಮುತ್ತಿನ ಕೆರೆ ಎಂಬ ಹೆಸರೂ ಇದೆ. ನೋಡಿದರೆ ಹೆಸರು ಸುಳ್ಳಲ್ಲ ಅನ್ನಿಸುತ್ತದೆ.

ಸೂರ್ಯ ಕೆಳಗಿಳಿದಷ್ಟೂ ಬೆಳಕು ಹೆಚ್ಚು ದೂರ ಗಾಳಿಯನ್ನು ಹಾದು ಬರಬೇಕು. ನೀಲಿ ದಾರಿಯಲ್ಲೇ ಚದುರಿ ಹೋಗುತ್ತದೆ, ಕೆಂಪು ನಮ್ಮ ತನಕ ಬರುತ್ತದೆ. ಅದು ನಿಲ್ಲುವುದು ಕೆಲವೇ ನಿಮಿಷ. ಅನಿಚ್ಚ ಎಂದು ನಾವು ಬಾಯಲ್ಲಿ ಹೇಳುವುದನ್ನು ಕಣ್ಣಾರೆ ನೋಡಬಹುದಾದ ಹೊತ್ತು. ನಾನು ನೋಡಲಿಲ್ಲ, ಹಿಡಿಯಲು ಹೋದೆ.

ದಡದಲ್ಲಿ ವಯಸ್ಸಾದ ಒಬ್ಬ ತಾಯಿ ಬಟ್ಟೆ ಒಗೆಯುತ್ತಿದ್ದರು. ಸರಿಯಾಗಿ ಸೂರ್ಯನ ಕೆಳಗೇ. 'ಅವ್ವ, ಸ್ವಲ್ಪ ಆ ಕಡೆ ಹೋಗ್ತೀರಾ? ಫೋಟೋಗೆ ಅಡ್ಡ ಬರ್ತಾ ಇದೆ' ಅಂದೆ. ಯಾಕೆ ಅಂತ ಅವರು ಕೇಳಲಿಲ್ಲ. ಒದ್ದೆ ಬಟ್ಟೆಯನ್ನು ಬಕೆಟ್ಟಿಗೆ ಹಾಕಿಕೊಂಡು ಬಂಡೆಯ ಹಿಂದೆ ಹೋದರು. ಫೋಟೋ ಚೆನ್ನಾಗಿ ಬಂತು.

ರಾತ್ರಿ ಅದನ್ನು ಸ್ಟೇಟಸ್‌ಗೆ ಹಾಕಲು ಕೂತಾಗ ನಮ್ಮ ಅಜ್ಜಿ ನೆನಪಾದರು. ಮಳವಳ್ಳಿ ಕಡೆಯ ಒಂದು ಊರಿನಲ್ಲಿ ಅವರು ಖಾಲಿ ಕೊಡ ಇಟ್ಟುಕೊಂಡು, ಯಾರಾದರೂ ಮೇಲಿನವರು ಸೇದಿ ಹುಯ್ಯುವ ತನಕ ದೂರ ನಿಂತಿರುತ್ತಿದ್ದರಂತೆ. ಸರಿ ಅಂದರೆ ಸರಿಯುವುದು, ಯಾಕೆ ಅಂತ ಕೇಳದಿರುವುದು. ಅಜ್ಜಿಗೆ ಅದು ರೂಢಿಯಾಗಿತ್ತು ಎಂದು ಅಮ್ಮ ಹೇಳುತ್ತಿದ್ದರು.

ಬಾಬಾಸಾಹೇಬರು 1927ರ ಮಾರ್ಚ್ 20ರಂದು ಮಹಾಡದ ಚವದಾರ್ ಕೆರೆಗಿಳಿದು ನೀರು ಕುಡಿದದ್ದು ಬಾಯಾರಿಕೆಗಲ್ಲ. ಅವರು ಹೋದ ಮೇಲೆ ಕೆರೆ ಮೈಲಿಗೆಯಾಯಿತೆಂದು ಸೆಗಣಿ, ಗಂಜಲ ಸುರಿದು ಶುದ್ಧಿ ಮಾಡಿದರು. ಹೈಕೋರ್ಟಿನಲ್ಲಿ ನಮ್ಮ ಹಕ್ಕು ಗೆಲ್ಲಲು 1937ರ ತನಕ ಕಾಯಬೇಕಾಯಿತು. ತೊಣ್ಣೂರಿಗೆ ಹತ್ತಿರದ ಮೇಲುಕೋಟೆಯಲ್ಲಿ ನಮ್ಮವರಿಗೆ ಹಿಂದೆ ವರ್ಷಕ್ಕೆ ಮೂರು ದಿನ ದೇವಸ್ಥಾನ ಪ್ರವೇಶವಿತ್ತು ಎಂಬುದನ್ನು ಇವತ್ತಿಗೂ ದೊಡ್ಡ ಉಪಕಾರದಂತೆ ಹೇಳುವವರಿದ್ದಾರೆ. (ಉಳಿದ 362 ದಿನದ ಮಾತು ಯಾರೂ ಎತ್ತುವುದಿಲ್ಲ.) ಇಷ್ಟೆಲ್ಲ ಓದಿಕೊಂಡಿದ್ದ ನಾನು ಕೆರೆಯ ದಡದಿಂದ ಒಬ್ಬ ಹೆಂಗಸನ್ನು ಎಬ್ಬಿಸಿ ಕಳಿಸಿದ್ದೆ. ಅವರು ಯಾವ ಜನ ಅಂತ ಕೇಳಿರಲಿಲ್ಲ. ಯಾವ ಜನವಾದರೇನು?

ತಣ್ಹಾ ಎಂದರೆ ಹಣ, ಹೆಂಡ, ಅಧಿಕಾರದ ಆಸೆ ಎಂದುಕೊಂಡಿದ್ದೆ. ಒಂದು ಚೆಂದದ ಚಿತ್ರಕ್ಕಾಗಿ ಎದುರಿಗಿದ್ದ ಮನುಷ್ಯರನ್ನೇ ಅಡ್ಡಿ ಅನ್ನಿಸುವಂತೆ ಮಾಡುವುದೂ ಅದೇ. ಬುದ್ಧರು ಶ್ರಾವಸ್ತಿಯ ಬೀದಿಯಲ್ಲಿ ಭಿಕ್ಷೆಗೆ ಹೊರಟಾಗ ಬಾಹಿಯ ಎಂಬುವನು ಪಟ್ಟು ಹಿಡಿದು ಉಪದೇಶ ಕೇಳಿದ. ಕಂಡದ್ದಕ್ಕೆ ನಮ್ಮದೇನನ್ನೂ ಸೇರಿಸದೆ ಕಾಣುವ ಬಗ್ಗೆ ಬುದ್ಧರು ಅವನಿಗೆ ಹೇಳಿದರು. ನಾನು ಸೇರಿಸಿದ್ದೂ ಅಲ್ಲ, ಕಳೆದಿದ್ದೆ.

ಆ ಫೋಟೋ ಹಾಕಲಿಲ್ಲ. ಎರಡು ಭಾನುವಾರ ಮತ್ತೆ ಹೋದೆ. ಮೊದಲನೇ ಸಲ ಅವರಿರಲಿಲ್ಲ. ಎರಡನೇ ಸಲ ಸಿಕ್ಕಿದರು. 'ಅವತ್ತು ನಿಮ್ಮನ್ನ ಎಬ್ಬಿಸಿದ್ದು ತಪ್ಪಾಯ್ತು ಕಣವ್ವ' ಅಂದೆ. ಅವರಿಗೆ ನೆನಪೇ ಇರಲಿಲ್ಲ. ನನಗೆ ಅದೇ ಹೆಚ್ಚು ಚುಚ್ಚಿತು. 'ನಿಮ್ದೊಂದು ಫೋಟೋ ತೆಗೀಲಾ?' ಅಂತ ಕೇಳಿದೆ. 'ತೆಗಿಯಪ್ಪ. ನನ್ ಮಗನ್ ಫೋನಿಗೆ ಕಳ್ಸು' ಅಂದರು.

ಮೊಬೈಲಿನಲ್ಲಿ ತೆಗೆಯುವವರಿಗೆ ಗೊತ್ತಿರುತ್ತದೆ. ಪರದೆಯ ಮೇಲೆ ಆಕಾಶವನ್ನು ಮುಟ್ಟಿದರೆ ಬಣ್ಣ ಚೆನ್ನಾಗಿ ಬರುತ್ತದೆ, ದಡದಲ್ಲಿರುವವರು ಬರೀ ಕಪ್ಪು ನೆರಳಾಗುತ್ತಾರೆ. ಮುಖವನ್ನು ಮುಟ್ಟಿದರೆ ಮುಖ ಕಾಣುತ್ತದೆ, ಆಕಾಶ ಬಿಳಚಿಕೊಳ್ಳುತ್ತದೆ. ನಾನು ಅವರ ಮುಖ ಮುಟ್ಟಿದೆ. ಸುಕ್ಕು, ಸೋಪಿನ ನೊರೆ ಹತ್ತಿದ ಕೈ, ನಗು ಎಲ್ಲ ಬಂದಿದೆ. ಸೂರ್ಯ ಎಲ್ಲಿದ್ದ ಅಂತ ಆ ಫೋಟೋದಲ್ಲಿ ಗೊತ್ತಾಗುವುದಿಲ್ಲ.

ಭವತು ಸಬ್ಬ ಮಂಗಲಂ. ಜೈಭೀಮ್.