ಕೆಲಸ ಬರುತ್ತೆ, ಆದರೆ ಜಾಗ ತಲುಪಲ್ಲ: ಬಿಟಿಕೆ ಕಥೆ

1952ರಲ್ಲಿ ಅಮೆರಿಕದ ವಾಲ್ಟರ್ ರೀಡ್ ಸೇನಾ ಆಸ್ಪತ್ರೆಯ ವೈದ್ಯ ಆಗ್ಡನ್ ಬ್ರೂಟನ್ ಎಂಟು ವರ್ಷದ ಹುಡುಗನೊಬ್ಬನ ಬಗ್ಗೆ ವರದಿ ಬರೆದರು. ಅವನಿಗೆ ನ್ಯುಮೋಕಾಕಸ್ ಸೋಂಕು ಪದೇ ಪದೇ ಬರುತ್ತಿತ್ತು. ರಕ್ತದ ಪ್ರೋಟೀನುಗಳನ್ನು ವಿದ್ಯುತ್ ಕ್ಷೇತ್ರದಲ್ಲಿ ಬೇರ್ಪಡಿಸಿ ನೋಡಿದರೆ, ಪ್ರತಿಕಾಯಗಳು ಇರಬೇಕಾದ ಜಾಗ ಖಾಲಿ! ಬೇರೆಯವರ ರಕ್ತದಿಂದ ತೆಗೆದ ಪ್ರತಿಕಾಯಗಳನ್ನು ಚುಚ್ಚುಮದ್ದಾಗಿ ಕೊಟ್ಟ ಮೇಲೆ ಸೋಂಕು ಹತೋಟಿಗೆ ಬಂತು.

ಇಂಥ ಹುಡುಗರಲ್ಲಿ ಕೆಟ್ಟಿರುವ ಜೀನ್ ಯಾವುದು ಅಂತ ಗೊತ್ತಾಗಿದ್ದು 1993ರಲ್ಲಿ. ಅದು ಎಕ್ಸ್ ಕ್ರೋಮೋಸೋಮಿನ ಮೇಲಿದೆ. ಹುಡುಗರಿಗೆ ಇರುವುದು ಒಂದೇ ಎಕ್ಸ್, ಹಾಗಾಗಿ ಬದಲಿ ಪ್ರತಿ ಇಲ್ಲ. ಆ ಜೀನ್ ತಯಾರಿಸುವ ಪ್ರೋಟೀನಿನ ಹೆಸರು ಬ್ರೂಟನ್ ಟೈರೋಸಿನ್ ಕೈನೇಸ್, ಚಿಕ್ಕದಾಗಿ ಬಿಟಿಕೆ.

ಪ್ರತಿಕಾಯ ತಯಾರಿಸೋದು ಬಿ ಕೋಶಗಳ ವಂಶ. ಬಿ ಕೋಶದ ಹೊರಗಿನ ಗ್ರಾಹಕಕ್ಕೆ ರೋಗಾಣುವಿನ ತುಣುಕು ಅಂಟಿತು ಅಂದ್ಕೊಳ್ಳಿ. ಒಳಗೆ ಸುದ್ದಿ ಮುಟ್ಟಿಸುವವರಲ್ಲಿ ಬಿಟಿಕೆ ಮುಖ್ಯ. ಆದರೆ ಸುಮ್ಮನಿರುವ ಕೋಶದಲ್ಲಿ ಬಿಟಿಕೆ ಹೆಚ್ಚಾಗಿ ಕೋಶರಸದಲ್ಲಿ ತೇಲಾಡುತ್ತಿರುತ್ತೆ. ಕೆಲಸ ಇರೋದು ಪೊರೆಯ ಒಳಮೈಯಲ್ಲಿ. ಅಲ್ಲಿಗೆ ಹೋಗೋದು ಹೇಗೆ? ಅದಕ್ಕೆ ಮೋಟಾರೂ ಇಲ್ಲ, ಮ್ಯಾಪೂ ಇಲ್ಲ.

ಉತ್ತರ ಪೊರೆಯಲ್ಲೇ ಇದೆ. ಪೊರೆಯ ಒಳಪದರದಲ್ಲಿ ಪಿಐಪಿ2 ಎಂಬ ಕೊಬ್ಬಿನ ಅಣು ಸ್ವಲ್ಪ ಇರುತ್ತೆ. ಗ್ರಾಹಕ ಎಚ್ಚೆತ್ತಾಗ ಪಿಐ3 ಕೈನೇಸ್ ಎಂಬ ಕಿಣ್ವ ಅದಕ್ಕೆ ಇನ್ನೊಂದು ಫಾಸ್ಫೇಟ್ ಸೇರಿಸಿ ಪಿಐಪಿ3 ಮಾಡುತ್ತೆ. ಬಿಟಿಕೆಯ ಆರಂಭದ ತುದಿಯಲ್ಲಿ ಪಿಎಚ್ ಎಂಬ ಮಡಿಕೆಯಿದೆ. ಅದರ ಗುಳಿಯಲ್ಲಿ ಪಾಸಿಟಿವ್ ಚಾರ್ಜ್, ಪಿಐಪಿ3ರ ಫಾಸ್ಫೇಟುಗಳಲ್ಲಿ ನೆಗೆಟಿವ್. ಅಡ್ಡಾದಿಡ್ಡಿ ಅಲೆಯುವ ಬಿಟಿಕೆ ಪೊರೆಗೆ ಬಡಿದಾಗ, ಪಿಐಪಿ3 ಸಿಕ್ಕರೆ ಅಲ್ಲೇ ಹಿಡಿದು ನಿಲ್ಲುತ್ತೆ. ಅಂದರೆ ಪ್ರೋಟೀನನ್ನು ಯಾರೂ ಕಳಿಸೋದಿಲ್ಲ, ಇಳಿಯುವ ನಿಲ್ದಾಣವನ್ನೇ ಹೊಸದಾಗಿ ಕಟ್ಟುತ್ತಾರೆ. ನಮಗೆ ಈ ಡಿಸೈನ್ ತುಂಬಾ ಇಷ್ಟವಾಯಿತು.

ಅಲ್ಲಿ ಲಿನ್, ಸಿಕ್ ಎಂಬ ಕೈನೇಸುಗಳು ಕಾದಿರುತ್ತವೆ. ಅವು ಬಿಟಿಕೆಯ 551ನೇ ಟೈರೋಸಿನ್‌ಗೆ ಫಾಸ್ಫೇಟ್ ಹಚ್ಚುತ್ತವೆ. ಬಿಟಿಕೆ ಮುಂದೆ ಪಿಎಲ್‌ಸಿ ಗ್ಯಾಮಾ 2 ಅನ್ನು ಎಬ್ಬಿಸುತ್ತೆ, ಕೋಶದೊಳಗೆ ಕ್ಯಾಲ್ಸಿಯಂ ಏರುತ್ತೆ.

ಇಷ್ಟೆಲ್ಲ ಯಾಕೆ, ಕೋಶರಸದಲ್ಲೇ ಭೇಟಿಯಾಗಬಾರದಾ? ಒಂದು ಒರಟು ಲೆಕ್ಕ ಮಾಡೋಣ. ಕೋಶ 3.5 ಮೈಕ್ರೋಮೀಟರ್ ತ್ರಿಜ್ಯದ ಗೋಳ ಅಂತಿಟ್ಟುಕೊಳ್ಳಿ, ನ್ಯೂಕ್ಲಿಯಸ್ ಮರೆತುಬಿಡಿ. ಪೊರೆಗೆ ತಾಗಿದ 10 ನ್ಯಾನೋಮೀಟರ್ ಪದರದ ಗಾತ್ರ, ಒಟ್ಟು ಗಾತ್ರದ ಸುಮಾರು 3 × 10 ÷ 3500 ಭಾಗ. ಶೇಕಡ 1ಕ್ಕೂ ಕಡಿಮೆ. ಎಲ್ಲ ಅಣುಗಳೂ ಆ ಪದರಕ್ಕೆ ಬಂದರೆ ಅಲ್ಲಿನ ಸಾಂದ್ರತೆ ನೂರು ಪಟ್ಟಿಗಿಂತ ಹೆಚ್ಚು! ಹೊಸ ಪ್ರೋಟೀನ್ ಒಂದನ್ನೂ ತಯಾರಿಸದೆ.

ಈಗ ಎಕ್ಸ್‌ಐಡಿ ಎಂಬ ಇಲಿಯ ತಳಿಯನ್ನು ನೋಡಿ. ಅದರ ಬಿಟಿಕೆಯಲ್ಲಿ ಬದಲಾಗಿರೋದು ಒಂದೇ ಒಂದು ಅಮೈನೋ ಆಮ್ಲ: 28ನೇ ಸ್ಥಾನದ ಆರ್ಜಿನೀನ್ ಹೋಗಿ ಸಿಸ್ಟೀನ್ ಬಂದಿದೆ. ಕೈನೇಸ್ ಭಾಗ ಸರಿಯಾಗೇ ಇದೆ. ಆದರೆ ಆ ಆರ್ಜಿನೀನೇ ಪಿಎಚ್ ಗುಳಿಯಲ್ಲಿ ಪಿಐಪಿ3 ಹಿಡಿಯುತ್ತಿದ್ದ ಪಾಸಿಟಿವ್ ಕೈ. ಅದಿಲ್ಲದೆ ಬಿ ಕೋಶಗಳು ಸರಿಯಾಗಿ ಬೆಳೆಯೋದಿಲ್ಲ. ಲ್ಯಾಬಿನ ಕೆಲಸವೆಲ್ಲ ಬರುತ್ತೆ, ಗೇಟಿನಲ್ಲಿ ಐಡಿ ಕಾರ್ಡ್ ಮಾತ್ರ ಸ್ಕ್ಯಾನ್ ಆಗಲ್ಲ! ಇದೇ 28ನೇ ಸ್ಥಾನ ಕೆಟ್ಟಿರುವ ಮನುಷ್ಯ ರೋಗಿಗಳೂ ಇದ್ದಾರೆ.

ಉಲ್ಟಾ ಪ್ರಯೋಗವೂ ಆಗಿದೆ. 41ನೇ ಸ್ಥಾನದ ಗ್ಲುಟಮಿಕ್ ಆಮ್ಲದ ಜಾಗದಲ್ಲಿ ಲೈಸೀನ್ ಇಟ್ಟರೆ, ಅಂದರೆ ನೆಗೆಟಿವ್ ತೆಗೆದು ಪಾಸಿಟಿವ್ ಇಟ್ಟರೆ, ಬಿಟಿಕೆ ಪೊರೆಗೆ ಅತಿಯಾಗಿ ಅಂಟಿಕೊಳ್ಳುತ್ತೆ. ಪ್ರಯೋಗಾಲಯದ ಕೋಶಗಳು ಹದ್ದುಮೀರಿ ಬೆಳೆದವು. ಹಾಗಾಗಿ ಆಫ್ ಸ್ವಿಚ್ಚೂ ಬೇಕು. ಪಿಟೆನ್, ಶಿಪ್ ಎಂಬ ಕಿಣ್ವಗಳು ಪಿಐಪಿ3ರಿಂದ ಫಾಸ್ಫೇಟ್ ಕಿತ್ತು ನಿಲ್ದಾಣ ಮುಚ್ಚುತ್ತವೆ.

ಕೆಲವು ಬಿ ಕೋಶ ಕ್ಯಾನ್ಸರುಗಳು ಬಿಟಿಕೆಯನ್ನೇ ನೆಚ್ಚಿಕೊಂಡಿರುತ್ತವೆ. 2013ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಇಬ್ರುಟಿನಿಬ್ ಮಾತ್ರೆ ಬಿಟಿಕೆಯ 481ನೇ ಸಿಸ್ಟೀನ್‌ಗೆ ಗಟ್ಟಿಯಾಗಿ ಅಂಟಿ ಕೈನೇಸನ್ನು ನಿಲ್ಲಿಸುತ್ತೆ. ಇಲ್ಲಿ ಕೆಡಿಸೋದು ವಿಳಾಸವನ್ನಲ್ಲ, ಎಂಜಿನನ್ನು. ಬಿಟಿಕೆ ಇಲ್ಲದೆ ಹುಟ್ಟಿದ ಮಕ್ಕಳಿಗೆ ಮಾತ್ರ ಇಂದಿಗೂ ಮುಖ್ಯ ಚಿಕಿತ್ಸೆ ಬ್ರೂಟನ್ ಕೊಟ್ಟದ್ದೇ: ಬೇರೆಯವರ ಪ್ರತಿಕಾಯ, ಜೀವಮಾನವಿಡೀ.