ಟ್ಯಾಪೆಟ್ ಸಪ್ಪಳಕ್ಕೆ ಅಂಜಬ್ಯಾಡ, ಅಳಿಯಾ

ಕಲಬುರಗಿ

ಚಿರಂಜೀವಿ ಅಳಿಯನಿಗೆ ಸೋದರಮಾವನ ಆಶೀರ್ವಾದ.

ನಿಮ್ಮಜ್ಜನ ಹಳೇ ಅಂಬಾಸಿಡರ್ ಕಮಲಾಪುರದ ತೋಟದ ಶೆಡ್ಡಿನಿಂದ ಹೊರಗೆ ಬಂತು ಅಂತ ಅಕ್ಕ ಫೋನಿನಲ್ಲಿ ಹೇಳಿದಳು. ಅದಕ್ಕೆ ಜೋಡಿ ಕಾರ್ಬ್ಯುರೇಟರ್ ಕೂಡಿಸಬೇಕು ಅಂತೀಯಂತೆ. ನಿಮ್ಮಪ್ಪ ನಕ್ಕರೂ ನಾನು ನಗುವುದಿಲ್ಲ. ಆ 1489 ಸಿಸಿ ಪೆಟ್ರೋಲ್ ಎಂಜಿನ್ ಇಂಗ್ಲೆಂಡಿನ ಬಿಎಂಸಿಯವರ ಬಿ-ಸೀರೀಸ್ ಮನೆತನದ್ದು. 1955ರಲ್ಲಿ ಬಂದ ಎಂಜಿಎ ಸ್ಪೋರ್ಟ್ಸ್ ಕಾರಿನಲ್ಲೂ ಅದೇ ಮನೆತನದ 1489 ಸಿಸಿ ಎಂಜಿನ್, ಎರಡು ಎಸ್‌ಯು ಕಾರ್ಬ್ಯುರೇಟರ್ ಹಾಕಿಕೊಂಡು ಓಡುತ್ತಿತ್ತು. ಮದುವೆಗೆ ಬೀಗರನ್ನು ಹೊತ್ತು ತಿರುಗಿದ ನಮ್ಮ ಗಾಡಿಗೆ ಇಂಥ ದಾಯಾದಿ!

ಆದರೆ ಯಾರೋ ಮಿಸ್ತ್ರಿ ಟ್ಯಾಪೆಟ್ ಬಿಗಿ ಮಾಡಿ ಟಕಟಕ ನಿಲ್ಲಿಸಿಕೊಟ್ಟ ಅಂತ ನೀನು ಖುಷಿಯಾಗಿದ್ದೀಯಲ್ಲ, ನನಗೆ ಅದೇ ಚಿಂತೆ. ಈ ಎಂಜಿನ್ನಿಗೆ ಸಣ್ಣ ಸಪ್ಪಳ ಇರಬೇಕು. ರಾಕರಿಗೂ ವಾಲ್ವಿನ ತುದಿಗೂ ನಡುವೆ 15 ಥೌ, ಅಂದರೆ 0.38 ಮಿ.ಮೀ. ಸಂದು ಬೇಕು. ಎಕ್ಸಾಸ್ಟ್ ವಾಲ್ವ್ ತನ್ನ ಕಾವನ್ನು ಬಹುಪಾಲು ಇಳಿಸಿಕೊಳ್ಳುವುದು ಸೀಟಿನ ಮೇಲೆ ಕೂತಾಗ. ಸಂದು ಇಲ್ಲದಿದ್ದರೆ ಅದು ಪೂರ್ತಿ ಕೂರುವುದೇ ಇಲ್ಲ. ಬೆಂಕಿಯಂಥ ಗ್ಯಾಸು ಅಂಚಿನಲ್ಲಿ ನುಸುಳಿ ವಾಲ್ವನ್ನೇ ಸುಡುತ್ತದೆ. ಸಡಿಲ ಟ್ಯಾಪೆಟ್ ಕೂಗಿ ಹೇಳುತ್ತದೆ, ಬಿಗಿ ಟ್ಯಾಪೆಟ್ ಸುಮ್ಮನೆ ಕೊಲ್ಲುತ್ತದೆ.

ಇನ್ನೊಂದು ಮಾತು. 2000ದಿಂದ ದೇಶದಲ್ಲೆಲ್ಲ ಸೀಸವಿಲ್ಲದ ಪೆಟ್ರೋಲೇ ಸಿಗುವುದು. ಹಳೆಯ ಎರಕದ ಹೆಡ್ಡುಗಳಲ್ಲಿ ವಾಲ್ವಿನ ಸೀಟು ಸವೆಯದಂತೆ ಆ ಸೀಸವೇ ಕಾಯುತ್ತಿತ್ತು. ಈಗ ಗಟ್ಟಿ ಸೀಟು ಹಾಕಿಸದ ಹೆಡ್ಡನ್ನು ಜೋರಾಗಿ ಓಡಿಸಿದರೆ ಸೀಟು ಸವೆಯುತ್ತ ಹೋಗಿ ವಾಲ್ವ್ ಮೇಲೇರುತ್ತದೆ, ಸಂದು ತಾನಾಗಿಯೇ ಕಡಿಮೆಯಾಗುತ್ತದೆ. ಹಾಗಾಗಿ ಯಾರೂ ಮುಟ್ಟದೆಯೇ ಸಪ್ಪಳ ನಿಂತರೆ ಮೊದಲು ಅನುಮಾನ ಪಡು.

ಕೆಲಸ ನೀನೇ ಮಾಡು. ಬೇಸಿಗೆಯಲ್ಲಿ ನಮ್ಮ ಕಡೆ ಬೆಳಿಗ್ಗೆ ಹತ್ತಕ್ಕೇ ಬಾನೆಟ್ ಮುಟ್ಟಲಾಗದು, ನಸುಕಿನಲ್ಲಿ ಎಂಜಿನ್ ತಣ್ಣಗಿದ್ದಾಗ ಶುರು ಮಾಡು. ನಾಲ್ಕೂ ಪ್ಲಗ್ ಬಿಚ್ಚಿದರೆ ಹ್ಯಾಂಡಲ್ ಹಗುರಾಗಿ ತಿರುಗುತ್ತದೆ. ರೇಡಿಯೇಟರ್ ಕಡೆಯಿಂದ ವಾಲ್ವ್ ಎಣಿಸು: 1, 4, 5, 8 ಎಕ್ಸಾಸ್ಟ್, ಉಳಿದವು ಇನ್‌ಲೆಟ್. ಒಂಬತ್ತರ ಲೆಕ್ಕ ನೆನಪಿಟ್ಟುಕೊ. 8ನೆಯದು ಪೂರ್ತಿ ಕೆಳಗೆ ಒತ್ತಿರುವಾಗ 1ನೆಯದನ್ನು ಸೆಟ್ ಮಾಡು, 6 ಒತ್ತಿದ್ದರೆ 3, 5 ಒತ್ತಿದ್ದರೆ 4. ಫೀಲರ್ ಗೇಜಿನ ಪಟ್ಟಿ ದಪ್ಪ ಪುಸ್ತಕದೊಳಗಿನ ಹಾಳೆ ಎಳೆದಷ್ಟು ಬಿಗಿಯಾಗಿ ಬರಬೇಕು. ಪೇಚನ್ನು ಅಲುಗದಂತೆ ಸ್ಕ್ರೂಡ್ರೈವರಿನಲ್ಲಿ ಹಿಡಿದು ಪಾನಾದಿಂದ ನಟ್ ಬಿಗಿ ಮಾಡು. ಬಿಗಿ ಮಾಡಿದ ಮೇಲೆ ಮತ್ತೆ ಅಳೆ. ನಟ್ ಬಿಗಿಯಾಗುವಾಗ ಅಳತೆ ಜಾರುವುದೇ ಹೆಚ್ಚು.

ರಾಕರಿನ ಮುಖದಲ್ಲಿ ವಾಲ್ವಿನ ತುದಿ ತೋಡಿದ ತಗ್ಗು ಇದೆಯೇ ಎಂದು ಬೆರಳಾಡಿಸಿ ನೋಡು. ಇದ್ದರೆ ಗೇಜ್ ಆ ತಗ್ಗಿನ ಮೇಲೆ ಅಡ್ಡ ಕೂತು ಸುಳ್ಳು ಹೇಳುತ್ತದೆ: 15 ಅಂತ ತೋರಿಸಿದರೂ ನಿಜವಾದ ಸಂದು ಇನ್ನೂ ಹೆಚ್ಚಿರುತ್ತದೆ, ಟಕಟಕ ಹೋಗುವುದಿಲ್ಲ. ಸಪ್ಪಳ ನಿಲ್ಲಿಸುವ ಹಟಕ್ಕೆ ಬಿದ್ದವರು ಕೊನೆಗೆ ವಾಲ್ವ್ ಸುಡುವುದು ಇಲ್ಲೇ. ಅಂಥ ರಾಕರ್ ಬದಲಿಸಬೇಕು.

ಮುಂದೆ ರೇಸಿಂಗ್ ಮಾದರಿಯ ಕ್ಯಾಮ್ ಹಾಕಿಸಿದರೆ ಈ 15 ಮರೆತುಬಿಡು. ಆ ಕ್ಯಾಮ್ ಮಾಡಿದವರು ಕೊಟ್ಟ ಅಂತರವೇ ಲೆಕ್ಕ.

ಸದ್ಯ ಏನನ್ನೂ ತಿರುಗಿಸುವ ಮೊದಲು ಎಂಟೂ ಅಳತೆ ಇದ್ದ ಹಾಗೇ ಚೀಟಿಯಲ್ಲಿ ಬರೆದು ವಾಟ್ಸಾಪ್ ಮಾಡು. ಎಕ್ಸಾಸ್ಟಿನವು 8, 9 ಅಂತ ಬಂದರೆ ಗಾಡಿ ಓಡಿಸದೆ ಕಂಪ್ರೆಶನ್ ನೋಡಿಸು. ರಾಕರ್ ಕವರಿನ ಕಾರ್ಕ್ ಗ್ಯಾಸ್ಕೆಟ್ ನಾನು ಇಲ್ಲಿ ತಂದು ಇಟ್ಟಿರುತ್ತೇನೆ. ಭಾನುವಾರ ಬಾ, ಬರುವಾಗ ಅಕ್ಕನಿಗೆ ಹೇಳಿ ನಿಮ್ಮೂರಿನ ಕೆಂಪು ಬಾಳೆಹಣ್ಣು ತಾ. ಕಾರ್ಬ್ಯುರೇಟರ್ ಮಾತು ಆಮೇಲೆ.

ನಿನ್ನ ಮಾವ