ಇಲಿ ಟಬ್ಬಿಗೆ ಇನ್ನು ನೀವು ಕೈ ಹಾಕಬೇಡಿ

ಪ್ರಶ್ನೆ: ನನಗೆ 26 ವರ್ಷ. ತವರು ತಿ. ನರಸೀಪುರ, ಕೊಟ್ಟಿರುವುದು ನಂಜನಗೂಡಿಗೆ. ಈಗ ನಾಲ್ಕು ತಿಂಗಳ ಬಸುರಿ. ನಮ್ಮ ಯಜಮಾನರು ಇಲ್ಲೇ ಇಂಡಸ್ಟ್ರಿಯಲ್ ಏರಿಯಾದಲ್ಲಿ ಶಿಫ್ಟ್ ಕೆಲಸಕ್ಕೆ ಹೋಗುತ್ತಾರೆ. ಹೋದ ವರ್ಷ ಬಾಲ್ ಪೈಥಾನ್ ಅನ್ನುವ ಹೆಬ್ಬಾವಿನ ಮರಿ ತಂದು ಮಹಡಿ ರೂಮಿನಲ್ಲಿ ಸಾಕುತ್ತಿದ್ದಾರೆ. ಬೆಂಗಳೂರಿನಿಂದ ತರಿಸಿದ ಫ್ರೋಜನ್ ಇಲಿಯನ್ನು ಅದು ಮೂಸಿಯೂ ನೋಡಲಿಲ್ಲ. ಅದಕ್ಕೇ ಮನೆಯಲ್ಲೇ ಬಿಳಿ ಇಲಿ ಸಾಕಲು ಶುರುಮಾಡಿದರು. ಅವರು ಡ್ಯೂಟಿಗೆ ಹೋದ ಮೇಲೆ ಇಲಿಗಳಿಗೆ ನೀರು, ಕಾಳು, ಹೊಟ್ಟು ಬದಲಾಯಿಸುವುದು ಎಲ್ಲ ನನ್ನ ಪಾಲಿಗೆ. ಮೊನ್ನೆ ಒಂದು ತಾಯಿ ಇಲಿ ತನ್ನ ಮರಿಗಳನ್ನೇ ತಿನ್ನುವುದನ್ನು ಕಣ್ಣಾರೆ ಕಂಡೆ. ಅವತ್ತಿನಿಂದ ಊಟ ಸೇರುತ್ತಿಲ್ಲ, ನಿದ್ದೆಯಿಲ್ಲ. 'ಬಸುರಿ ಹೆಂಗಸು ಇಂಥದ್ದೆಲ್ಲ ನೋಡಬಾರದು, ಸರ್ಪದೋಷ ಸುತ್ತಿಕೊಳ್ಳುತ್ತೆ' ಅನ್ನುತ್ತಾರೆ ಅತ್ತೆ. ಗಣಪತಿಯ ವಾಹನವನ್ನು ಸಾಯಲಿ ಅಂತಲೇ ಸಾಕುತ್ತಿದ್ದೇನಲ್ಲ ಎಂಬ ಸಂಕಟ ಬೇರೆ. ಯಜಮಾನರಿಗೆ ಗೊತ್ತಾಗದ ಹಾಗೆ ಒಂದಷ್ಟು ಮರಿಗಳನ್ನು ಹಿತ್ತಲ ಬಾಳೆಗಿಡಗಳ ಕಡೆ ಬಿಟ್ಟುಬಿಟ್ಟಿದ್ದೇನೆ. ನಾನು ಪಾಪ ಮಾಡುತ್ತಿದ್ದೇನಾ? ನನ್ನ ಮಗುವಿಗೆ ಏನಾದರೂ ಆಗುತ್ತಾ?
– ಹೆಸರು ಬೇಡ, ನಂಜನಗೂಡು

ಉತ್ತರ: ನಿಮ್ಮ ಪತ್ರದಲ್ಲಿ ಕೊನೆಗೆ ಬರುವ ಪ್ರಶ್ನೆಗೇ ಮೊದಲು ಉತ್ತರ ಹೇಳಿಬಿಡುತ್ತೇನೆ. ನೀವು ಕಂಡ ದೃಶ್ಯದಿಂದ ನಿಮ್ಮ ಮಗುವಿಗೆ ಏನೂ ಆಗುವುದಿಲ್ಲ. ತಾಯಿ ಕಣ್ಣಿನಿಂದ ಕಂಡದ್ದು ಹೊಟ್ಟೆಯೊಳಗಿನ ಕೂಸಿಗೆ ತಟ್ಟುವುದಿಲ್ಲ. ಕೂಸಿಗೆ ಬೇಕಾದದ್ದು ನಿಮ್ಮ ಊಟ ಮತ್ತು ನಿದ್ದೆ, ಈಗ ಕೆಟ್ಟಿರುವುದೂ ಅವೆರಡೇ. ಸರಿಮಾಡಿಕೊಳ್ಳಬೇಕಾದದ್ದೂ ಅವನ್ನೇ.

ಆ ತಾಯಿ ಇಲಿಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ನಿಮ್ಮ ಮನಸ್ಸು ಅಲ್ಲೇ ಸಿಕ್ಕಿಕೊಂಡಿದೆ. ಇಕ್ಕಟ್ಟಾದ ಟಬ್ಬು, ಪದೇ ಪದೇ ಮುಚ್ಚಳ ತೆಗೆದು ನೋಡುವುದು, ನೀರಿನ ಬಾಟಲಿ ಒಣಗಿರುವುದು, ಮೇವಿನಲ್ಲಿ ಪ್ರೋಟೀನ್ ಸಾಲದಿರುವುದು, ಮರಿಯೇ ರೋಗದ್ದಾಗಿರುವುದು, ಇವುಗಳಲ್ಲಿ ಯಾವುದಾದರೂ ಒಂದು ಸಾಕು, ಬಾಣಂತಿ ಇಲಿ ಹೀಗೆ ಮಾಡಬಹುದು. ಇಲಿ ಸಾಕುವ ಎಲ್ಲ ಕಡೆಯೂ ಇದನ್ನು ಕಂಡವರಿದ್ದಾರೆ. ಅದು ಕ್ರೌರ್ಯವಲ್ಲ, ಶಕುನವೂ ಅಲ್ಲ. ಅಲ್ಲಿ ಜಾಗ ಸಾಲುತ್ತಿಲ್ಲ, ನೆಮ್ಮದಿ ಇಲ್ಲ ಅನ್ನುವುದಷ್ಟೇ ಅದರಿಂದ ತಿಳಿಯುವುದು. ಆದರೆ ನಾಲ್ಕು ತಿಂಗಳ ಬಸುರಿಗೆ ಆ ನೋಟ ಎದೆಗೆ ಬಡಿಯದೆ ಇದ್ದೀತೆ? ಬೇರೆ ಹೊತ್ತಿನಲ್ಲಿ ಕಂಡಿದ್ದರೆ ಅಸಹ್ಯಪಟ್ಟು ಮರೆತುಬಿಡುತ್ತಿದ್ದಿರೋ ಏನೋ. ಈಗ ಅದು ನಿಮ್ಮ ಬಗ್ಗೆಯೇ ಏನೋ ಹೇಳಿದ ಹಾಗೆ ಅನ್ನಿಸಿದೆ. ಆ ಭಯ ಸಹಜ, ನಾಚಿಕೊಳ್ಳಬೇಡಿ.

ಪಾಪದ ಮಾತಿಗೆ ಬರೋಣ. ಕಪಿಲಾ ನಾಲೆಯ ಭತ್ತದ ಬಯಲಿನಲ್ಲಿ ಕೇರೆಹಾವು ದಿನಾ ಇಲಿ ಹಿಡಿಯುತ್ತದೆ, ನಾವ್ಯಾರೂ ಅದಕ್ಕಾಗಿ ಕಣ್ಣೀರು ಹಾಕುವುದಿಲ್ಲ. ಮಹಡಿ ರೂಮಿನ ಇಲಿಗೆ ಅಳುತ್ತೀರಿ, ಏಕೆಂದರೆ ಅದಕ್ಕೆ ಕಾಳು ಹಾಕಿದ ಕೈ ನಿಮ್ಮದು. ಅದರಲ್ಲಿ ತಪ್ಪಿಲ್ಲ. ಆದರೆ ನಿಮ್ಮ ಸಂಕಟದ ಬೇರು ಹಾವಿನಲ್ಲೂ ಇಲ್ಲ, ಇಲಿಯಲ್ಲೂ ಇಲ್ಲ ಎಂದು ನನಗನ್ನಿಸುತ್ತದೆ. ಹಾವು ತರುವಾಗ ನಿಮ್ಮನ್ನು ಒಂದು ಮಾತು ಕೇಳಿದ ಹಾಗೆ ಪತ್ರದಲ್ಲಿ ಎಲ್ಲೂ ಇಲ್ಲ. ಅದು ಉಣ್ಣಲೊಲ್ಲೆ ಅಂದಾಗ ಬಂದ ಕೆಲಸ ಮಾತ್ರ ಪೂರ್ತಿ ನಿಮ್ಮ ತಲೆಗೆ ಬಂತು. ಹವ್ಯಾಸ ಒಬ್ಬರದು, ಚಾಕರಿ ಇನ್ನೊಬ್ಬರದು. ನಾಯಿ, ಪಾರಿವಾಳ, ಮೀನಿನ ತೊಟ್ಟಿ ಇಟ್ಟುಕೊಂಡ ಮನೆಗಳಿಂದಲೂ ಇಂಥ ಪತ್ರ ಬರುತ್ತದೆ. ಬರೆಯುವವರು ಹೆಚ್ಚಾಗಿ ಹೆಂಗಸರೇ.

ಈಗ ಸ್ವಲ್ಪ ಗಟ್ಟಿಯಾಗಿ ಒಂದು ಮಾತು. ಇವತ್ತಿನಿಂದ ಇಲಿ ಟಬ್ಬಿಗೆ ನೀವು ಕೈ ಹಾಕಬೇಡಿ. ದೋಷದ ಭಯಕ್ಕಲ್ಲ, ವೈದ್ಯಕೀಯ ಕಾರಣಕ್ಕೆ. ಇಲಿಗಳ ಮೂತ್ರ, ಹಿಕ್ಕೆ, ಜೊಲ್ಲು ಮತ್ತು ಅವು ಒಣಗಿ ಏಳುವ ಧೂಳಿನಿಂದ ಎಲ್‌ಸಿಎಂವಿ ಎಂಬ ವೈರಸ್ ಹರಡಬಹುದು. ವೈರಸ್ ಇದ್ದರೂ ಇಲಿ ನೋಡಲು ಗುಂಡುಗುಂಡಾಗಿ ಆರೋಗ್ಯವಾಗಿಯೇ ಇರಬಹುದು. ದೊಡ್ಡವರಿಗೆ ತಗುಲಿದರೆ ಸಾಮಾನ್ಯವಾಗಿ ಫ್ಲೂ ಥರ ಬಂದು ಹೋಗುವ ಜ್ವರ. ಬಸುರಿಯರಿಗೆ ತಗುಲಿದರೆ ಮಾತ್ರ ಮಗುವಿನ ಮೆದುಳು, ಕಣ್ಣಿಗೆ ತೊಂದರೆಯಾಗುವ, ಗರ್ಭ ನಿಲ್ಲದಿರುವ ಸಂಭವ ಇದೆ. ಇಂಥದ್ದು ಅಪರೂಪ. ಇಷ್ಟು ದಿನ ಮುಟ್ಟಿದ್ದೀರಿ ಎಂದ ಮಾತ್ರಕ್ಕೆ ಏನೋ ಆಗಿಹೋಗಿದೆ ಎಂದುಕೊಳ್ಳಬೇಡಿ. ಆದರೂ ಈ ವಾರವೇ ತಾಯಿ ಕಾರ್ಡ್ ಹಿಡಿದು ನಿಮ್ಮನ್ನು ನೋಡುವ ಡಾಕ್ಟರ ಬಳಿ ಹೋಗಿ, 'ಮನೆಯಲ್ಲಿ ಇಲಿ ಸಾಕಿದ್ದಾರೆ, ನಾನೇ ಕ್ಲೀನ್ ಮಾಡುತ್ತಿದ್ದೆ' ಎಂದು ಬಾಯಿಬಿಟ್ಟು ಹೇಳಿ. ನೀವು ಹೇಳದಿದ್ದರೆ ಅವರಿಗೆ ಹೊಳೆಯುವ ವಿಷಯವಲ್ಲ ಇದು. ಜ್ವರ, ವಿಪರೀತ ತಲೆನೋವು ಬಂದರಂತೂ ಅವತ್ತೇ ಹೋಗಿ. ಇಲಿ ಜ್ವರ ಎಂದು ನಾವು ಕರೆಯುವ ಲೆಪ್ಟೊಸ್ಪೈರೋಸಿಸ್ ಕೂಡ ಇಲಿ ಮೂತ್ರದಿಂದ ಬರಬಹುದು. ಹಾವಿನ ಮೈಮೇಲೆ ಸಾಲ್ಮೊನೆಲ್ಲಾ ಇರಬಹುದು. ಆದ್ದರಿಂದ ಹಾವಿನ ಪಾತ್ರೆ ಅಡುಗೆಮನೆ ಸಿಂಕಿಗೆ ಬರಕೂಡದು. ಮಗು ಹುಟ್ಟಿ ಐದು ವರ್ಷ ತುಂಬುವವರೆಗೂ ಈ ನಿಯಮ ಇರಲಿ.

ಹಾಗಾದರೆ ಆ ಕೆಲಸ ಯಾರು ಮಾಡಬೇಕು? ತಂದವರು. ಹೊಟ್ಟನ್ನು ಒಣಗಿದ್ದ ಹಾಗೇ ಗುಡಿಸದೆ, ಬ್ಲೀಚಿಂಗ್ ಪೌಡರ್ ಕದಡಿದ ನೀರು ಚಿಮುಕಿಸಿ, ಮಾಸ್ಕ್ ಮತ್ತು ಗ್ಲೌಸ್ ಹಾಕಿಕೊಂಡು ತೆಗೆಯಬೇಕು. ಬಟ್ಟೆ ಬದಲಾಯಿಸಿ, ಕೈಕಾಲು ಸೋಪಿನಲ್ಲಿ ತೊಳೆದು ಕೆಳಗೆ ಇಳಿಯಬೇಕು.

ನಿಮ್ಮ ಯಜಮಾನರು ಕೆಟ್ಟವರೆಂದು ನಾನು ಎಣಿಸಿಲ್ಲ. ಹಾವು ಕಂಡರೆ ದೊಣ್ಣೆ ಹುಡುಕುವ ಕಾಲದಲ್ಲಿ ಒಂದು ಹಾವು ಉಪವಾಸ ಇದೆ ಎಂದು ಚಡಪಡಿಸುವ ಗಂಡಸು ಕಲ್ಲುಮನಸ್ಸಿನವನಾಗಿರಲಾರ. ಅವರಿಗೆ ಕೆಲವು ವಿಷಯ ಗೊತ್ತಿಲ್ಲದಿರಬಹುದು. ಈ ಪುಟವನ್ನು ಅವರ ಕೈಗೂ ಕೊಡಿ.

ಬಾಲ್ ಪೈಥಾನ್ ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ಹಾವು. ಊಟ ಬಿಡುವುದರಲ್ಲಿ ಇದಕ್ಕೆ ದೊಡ್ಡ ಹೆಸರು. ಚೆನ್ನಾಗಿ ಬೆಳೆದ, ಗಟ್ಟಿಮುಟ್ಟಾದ ಹಾವು, ಅದರಲ್ಲೂ ಗಂಡು, ಚಳಿಗಾಲದಲ್ಲಿ ತಿಂಗಳುಗಟ್ಟಲೆ ಏನೂ ತಿನ್ನದೆ ಇದ್ದು ಆಮೇಲೆ ತಾನಾಗಿ ತಿನ್ನುತ್ತದೆ. ಮರಿಗೆ ಅಷ್ಟು ತಾಳಿಕೆ ಇಲ್ಲ, ಅದನ್ನು ಹುಷಾರಾಗಿ ಗಮನಿಸಬೇಕು. ಅಡುಗೆ ತಕ್ಕಡಿಯಂಥ ಒಂದು ಬೇರೆ ತಕ್ಕಡಿ ಇಟ್ಟುಕೊಂಡು ವಾರಕ್ಕೊಮ್ಮೆ ತೂಕ ಬರೆದಿಡಲಿ. ತೂಕ ಇಳಿಯುತ್ತಲೇ ಹೋದರೆ ಹಾವು, ಆಮೆಗಳನ್ನು ನೋಡಿ ಅಭ್ಯಾಸವಿರುವ ಪಶುವೈದ್ಯರಿಗೆ ತೋರಿಸಬೇಕು. ಬಹಳ ಸಲ ದೋಷ ಇಲಿಯದಲ್ಲ, ಪೆಟ್ಟಿಗೆಯದು. ಒಂದು ಮೂಲೆಯಲ್ಲಿ 31–33 ಡಿಗ್ರಿ ಬಿಸಿ, ಮೈ ಪೂರ್ತಿ ಮುದುರಿ ಕೂರಲು ಕತ್ತಲೆಯ ಗೂಡು, ಒಂದಿಷ್ಟು ತೇವ ಇಲ್ಲದಿದ್ದರೆ ಅದು ಏನು ಕೊಟ್ಟರೂ ತಿನ್ನುವುದಿಲ್ಲ.

ಫ್ರೋಜನ್ ಇಲಿಗೆ ಅದನ್ನು ಒಗ್ಗಿಸಬಹುದು, ತಾಳ್ಮೆ ಬೇಕು ಅಷ್ಟೆ. ಈ ಹಾವಿನ ತುಟಿಯ ಮೇಲೆ ಶಾಖ ಗ್ರಹಿಸುವ ಗುಳಿಗಳಿವೆ. ತಣ್ಣಗಿನ ಇಲಿ ಅದರ ಮಟ್ಟಿಗೆ ಊಟವೇ ಅಲ್ಲ. ಕವರಿನಲ್ಲಿ ಕಟ್ಟಿದ ಇಲಿಯನ್ನು ನಿಧಾನವಾಗಿ ಕರಗಿಸಿ, ಆಮೇಲೆ ಬಿಸಿನೀರಿನಲ್ಲಿಟ್ಟು ಮೈ ಬೆಚ್ಚಗಾದ ಮೇಲೆ, ರಾತ್ರಿ ದೀಪ ಆರಿಸಿ, ಉದ್ದನೆಯ ಚಿಮಟದಲ್ಲಿ ಹಿಡಿದು ಒಂಚೂರು ಅಲ್ಲಾಡಿಸಿ ನೋಡಲಿ. ಬೇಡ ಅಂದರೆ ಬಿಟ್ಟು ವಾರ ಕಳೆದು ಮತ್ತೆ ಪ್ರಯತ್ನಿಸಲಿ. ದಿನಾ ಕಾಡಿದರೆ ಇನ್ನಷ್ಟು ಹಟ ಮಾಡುತ್ತದೆ. ಜೀವಂತ ಇಲಿ ಬಿಡುವುದು ಹಾವಿಗೂ ಒಳ್ಳೆಯದಲ್ಲ, ಸಿಕ್ಕಿಬಿದ್ದ ಇಲಿ ಹಾವನ್ನು ಕಚ್ಚಿ ಗಾಯ ಮಾಡುತ್ತದೆ. ಗದ್ದೆಯ ಇಲಿಯಂತೂ ಬೇಡವೇ ಬೇಡ, ನಮ್ಮ ಕಡೆ ಭತ್ತಕ್ಕೆ ಪಾಷಾಣ ಇಡದ ರೈತರು ಎಷ್ಟು ಮಂದಿ? ಫ್ರೋಜನ್ ಇಲಿ ಇಡಲು ಬೇರೆಯೇ ಒಂದು ಸಣ್ಣ ಫ್ರೀಜರ್ ಬೇಕು. ಮೊಸರಿನ ಪಕ್ಕ ಅಲ್ಲ.

ಲೆಕ್ಕವನ್ನೂ ಒಮ್ಮೆ ಮಾಡಿ ನೋಡಲಿ. ಬಿಳಿ ಇಲಿಯ ಗರ್ಭ ಮೂರು ವಾರದ್ದು. ಒಂದು ಸೂಲಿಗೆ ಆರರಿಂದ ಹತ್ತು ಮರಿ, ಹೆತ್ತ ಮಾರನೆಯ ದಿನವೇ ಮತ್ತೆ ಗರ್ಭ ಕಟ್ಟಬಲ್ಲದು. ಮರಿಗಳು ಆರು ವಾರಕ್ಕೆ ತಾವೇ ಬೆದೆಗೆ ಬರುತ್ತವೆ. ಒಂದು ಗಂಡು, ಮೂರು ಹೆಣ್ಣು ಇದ್ದರೆ ತಿಂಗಳಿಗೆ ಇಪ್ಪತ್ತು ಮರಿಗೆ ಮೋಸವಿಲ್ಲ. ಬೆಳೆಯುವ ಹಾವಿಗೆ ವಾರಕ್ಕೊಂದರಂತೆ ಬೇಕಾದದ್ದು ನಾಲ್ಕು. ಉಳಿದ ಹದಿನಾರು? ಅವೇ ನಿಮ್ಮ ನಿದ್ದೆ ಕೆಡಿಸಿರುವುದು. ಗಂಡು ಇಲಿಗಳನ್ನು ಇವತ್ತೇ ಬೇರೆ ಟಬ್ಬಿಗೆ ಹಾಕಿದರೆ ಮೂರು ನಾಲ್ಕು ವಾರದ ಆಚೆಗೆ ಹೊಸ ಮರಿ ಇಲ್ಲ. ಇರುವವನ್ನು ಏನು ಮಾಡಬೇಕು, ಕೊಲ್ಲಲೇಬೇಕಾದರೆ ನೋವಾಗದಂತೆ ಹೇಗೆ ಎನ್ನುವುದನ್ನು ಅವರು ಪಶುವೈದ್ಯರಿಂದಲೇ ಕಲಿಯಲಿ. ನೀರಿನಲ್ಲಿ ಮುಳುಗಿಸುವುದು, ಜೀವಂತವಾಗಿ ಫ್ರೀಜರಿಗೆ ಹಾಕುವುದು ಹಿಂಸೆ. ಈ ಮಾತುಕತೆಯಲ್ಲಿ ನೀವು ಇರಲೇಬೇಕೆಂದಿಲ್ಲ.

ಬಾಳೆಗಿಡದ ಕಡೆ ಬಿಟ್ಟ ಮರಿಗಳ ವಿಷಯ. ಬಿಟ್ಟದ್ದು ಕರುಣೆಯಿಂದ, ಒಪ್ಪಿದೆ. ಆದರೆ ಹಾಲು ಬಿಳುಪಿನ ಇಲಿ ಹಿತ್ತಲಲ್ಲಿ ಬೆಕ್ಕು, ಕಾಗೆಗಳ ಕಣ್ಣಿಗೆ ಬೀಳದೆ ಉಳಿಯುವುದು ಕಷ್ಟ. ಮುಂದೆ ಬಿಡಬೇಡಿ. ಬಿಟ್ಟದ್ದನ್ನು ಯಜಮಾನರಿಗೆ ಹೇಳಿಬಿಡಿ. ಸೆಕೆಂಡ್ ಶಿಫ್ಟ್ ಮುಗಿಸಿ ಸುಸ್ತಾಗಿ ಬಂದ ರಾತ್ರಿ ಬೇಡ, ರಜೆಯ ದಿನ ಕಾಫಿ ಹೊತ್ತಿಗೆ ಆಗಲಿ. 'ನಿಮ್ಮ ಹಾವನ್ನು ಓಡಿಸಿ ಅಂತ ನಾನು ಹೇಳುತ್ತಿಲ್ಲ. ಆದರೆ ಇಲಿ ಕೆಲಸ ನನ್ನಿಂದ ಆಗಲ್ಲ, ಡಾಕ್ಟರೂ ಬೇಡ ಅಂದಿದ್ದಾರೆ. ಕೂತು ಒಂದು ದಾರಿ ಮಾಡೋಣ' ಎಂದರೆ ಸಾಕು. ಅಳು ಬಂದರೆ ಬರಲಿ, ತಡೆಯಬೇಡಿ.

ಅತ್ತೆಯವರ ಮಾತು ಕೇಳಿ ಬೇಸರಪಡಬೇಡಿ. ಅಶ್ವತ್ಥಕಟ್ಟೆಯ ನಾಗರಕಲ್ಲಿಗೆ ಹಾಲೆರೆದು ಬೆಳೆದ ಜೀವ. ಪೆಟ್ಟಿಗೆಯಲ್ಲಿ ಹಾವು ಇರುವುದು ಅವರಿಗೆ ದಿನಾ ದಿಗಿಲು. ದೋಷ ಅಂದದ್ದರಲ್ಲಿ ನಿಮ್ಮ ಮೇಲಿನ ಕಾಳಜಿಯೂ ಇದೆ. ದೋಷ ಪರಿಹಾರಕ್ಕೆ ಕುಕ್ಕೆ ಸುಬ್ರಹ್ಮಣ್ಯಕ್ಕೆ ಹೋಗಿ ಬರೋಣ ಅಂದರೆ, ಘಾಟಿ ರಸ್ತೆಯ ದೂರದ ಪ್ರಯಾಣಕ್ಕೆ ಮೊದಲು ಡಾಕ್ಟರನ್ನು ಕೇಳಿ. ಶ್ರೀಕಂಠೇಶ್ವರ ಹೇಗೂ ಊರಿನಲ್ಲೇ ಇದ್ದಾನೆ.

ಕಾನೂನಿನ ವಿಷಯ ನೀವು ಕೇಳಿಲ್ಲ, ಆದರೂ ಹೇಳಬೇಕು. ನಮ್ಮ ನಾಡಿನ ನಾಗರ, ಕೇರೆ, ಹೆಬ್ಬಾವು ಯಾವುದನ್ನೂ ಮನೆಯಲ್ಲಿ ಸಾಕುವಂತಿಲ್ಲ, 1972ರ ವನ್ಯಜೀವಿ ಕಾಯ್ದೆ ಅಡ್ಡ ಬರುತ್ತದೆ. ಬಾಲ್ ಪೈಥಾನ್ ಹೊರದೇಶದ್ದು. ಆದರೆ ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿ, 2024ರ ಫೆಬ್ರುವರಿಯ ನಿಯಮಗಳ ಪ್ರಕಾರ ಇಂಥ ಪ್ರಾಣಿಯನ್ನು ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಕಾಗದ ಇದೆಯೇ ಎಂದು ಸಮಾಧಾನದಲ್ಲಿ ಕೇಳಿ. ಇಲ್ಲದಿದ್ದರೆ ಅವರೇ ಅರಣ್ಯ ಇಲಾಖೆಯ ಕಚೇರಿಗೆ ಹೋಗಿ ವಿಚಾರಿಸಲಿ. ಯಾರಿಗೋ ಹೆದರಿ ಹಾವನ್ನು ಹೊಳೆದಂಡೆಗೆ ಬಿಟ್ಟುಬರುವ ಯೋಚನೆ ಮಾತ್ರ ಬೇಡ, ನಮ್ಮ ಹಾವುಗಳಿಗೆ ಹೊಸ ರೋಗ ಹತ್ತಿಸಿದ ಹಾಗಾದೀತು.

ಇನ್ನು ನಿಮ್ಮ ಊಟ, ನಿದ್ದೆ. ಇಲಿ ಕೆಲಸ ಬಿಟ್ಟ ಮೇಲೂ ಎರಡು ವಾರ ಹೀಗೇ ಮುಂದುವರಿದರೆ, ಸುಮ್ಮಸುಮ್ಮನೆ ಅಳು ಬಂದರೆ, ಬಸುರಿನಲ್ಲಿ ಹೀಗೇ ಎಂದು ಯಾರಾದರೂ ತಳ್ಳಿಹಾಕಿದರೂ ನೀವು ತಳ್ಳಿಹಾಕಬೇಡಿ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ನಿಮ್ಮ ಬೀದಿಯ ಆಶಾ ಕಾರ್ಯಕರ್ತೆಗೂ ಹೇಳಿಡಿ. ರೂಮು ತೊಳೆದು, ಗಂಡು ಹೆಣ್ಣು ಇಲಿ ಬೇರೆ ಮಾಡುವಷ್ಟು ದಿನ ತವರಿಗೆ ಹೋಗಿ ಬನ್ನಿ, ನರಸೀಪುರ ಎಷ್ಟು ದೂರ? ಅದನ್ನು ಮುನಿಸು ಎಂದುಕೊಳ್ಳದ ಹಾಗೆ ಯಜಮಾನರಿಗೆ ಮೊದಲೇ ತಿಳಿಸಿ, ಅವರೇ ಬಿಟ್ಟುಬರಲಿ. ಹೋಗುವಾಗ ತಾಯಿ ಕಾರ್ಡ್ ಜೊತೆಯಲ್ಲಿರಲಿ, ಅಲ್ಲಿ ಆಸ್ಪತ್ರೆಗೆ ಹೋಗಬೇಕಾಗಿ ಬಂದರೆ ಮೊದಲು ಅದನ್ನೇ ಕೇಳುತ್ತಾರೆ.